ಪುಷ್ಯದ ಚಳಿಯಲ್ಲಿ ಹೆರಿಗೆ: ಬಾಣಂತಿಯನ್ನು ಹಟ್ಟಿಯ ಹೊರಗಿಡದಂತೆ ಅಜ್ಜಿಯನ್ನು ಒಪ್ಪಿಸುವುದು ಹೇಗೆ?

ಹಟ್ಟಿಯ ಹಿರಿಮಗಳು, ಶಿರಾ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹುಟ್ಟಿದವಳು. ನಾವು ಕಾಡುಗೊಲ್ಲರು. ಈಗ ತುಮಕೂರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ನನ್ನ ತಮ್ಮ ಕುರಿ ಮೇಯಿಸಿಕೊಂಡು, ಮಳೆ ಕೈಹಿಡಿದ ವರ್ಷ ಶೇಂಗಾ ಬಿತ್ತಿಕೊಂಡು ಹಟ್ಟಿಯಲ್ಲೇ ಇದ್ದಾನೆ. ಅವನ ಹೆಂಡತಿಗೆ ಈಗ ಏಳು ತಿಂಗಳು, ಚೊಚ್ಚಲು. ಆ ಹುಡುಗಿಗೆ ತಾಯಿ ಇಲ್ಲ. ಹಾಗಾಗಿ ತವರಿಗೆ ಕಳುಹಿಸುವ ಮಾತಿಲ್ಲ, ಬಾಣಂತನ ನಮ್ಮ ಮನೆಯಲ್ಲೇ. ಹೆರಿಗೆ ಪುಷ್ಯಮಾಸಕ್ಕೆ ಬೀಳುತ್ತದೆ.

ನಮ್ಮ ಹಟ್ಟಿಯಲ್ಲಿ ಮುಟ್ಟಾದವರು ಮೂರು ದಿನ, ಹೆತ್ತವರು ಸೂತಕ ಕಳೆಯುವವರೆಗೆ ಬೇಲಿಯ ಹೊರಗಿರಬೇಕು. ಎಲ್ಲ ಹಟ್ಟಿಗಳಲ್ಲೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಕೆಲವು ಕಡೆ ಸಡಿಲವಾಗಿದೆ, ಕೆಲವು ಕಡೆ ನಿಂತೇ ಹೋಗಿದೆ. ನಮ್ಮಲ್ಲಿ ಇನ್ನೂ ಇದೆ.

ನನ್ನ ಮಗಳು ಹುಟ್ಟಿದ್ದು 2011ರ ಕಾರ್ತಿಕದಲ್ಲಿ. ಆಸ್ಪತ್ರೆಯಲ್ಲಿ ಹೆತ್ತು ಮೂರನೆಯ ದಿನ ತವರಿಗೆ ಬಂದೆ. ಆಟೋ ಹುಣಸೆಮರದ ಬಳಿ ನಿಂತಿತು, ಅಲ್ಲಿಂದ ಮುಂದೆ ನನಗೆ ಪ್ರವೇಶವಿರಲಿಲ್ಲ. ತೆಂಗಿನ ಗರಿಯ ಗುಡಿಸಲು, ನೆಟ್ಟಗೆ ನಿಂತರೆ ತಲೆಗೆ ತಾಗುವಷ್ಟು ಎತ್ತರ. ಒಂಬತ್ತನೆಯ ರಾತ್ರಿ ಮಳೆ ಹಿಡಿಯಿತು. ಮೇಲಿನಿಂದ ಸೋರಿದ್ದಕ್ಕಿಂತ ಕೆಳಗಿನಿಂದ ಹರಿದು ಬಂದ ನೀರೇ ಹೆಚ್ಚು. ಹಾಸಿದ ಗೋಣಿಚೀಲ ನೆನೆಯಿತು. ಹೊಲಿಗೆ ಹಾಕಿದ ಗಾಯ ಉರಿಯುತ್ತಿತ್ತು, ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನವರೆಗೆ ನಿಂತೇ ಇದ್ದೆ. ನನ್ನ ಅವ್ವ ಹತ್ತು ಮಾರು ದೂರದಲ್ಲಿ ಗೊಪ್ಪೆ ಹೊದ್ದುಕೊಂಡು ಅಳುತ್ತಾ ನಿಂತಿದ್ದಳು. ಮುಟ್ಟುವ ಹಾಗಿರಲಿಲ್ಲ. ಮಗಳು ಬದುಕಿದಳು. ಅವ್ವ ಈಗಿಲ್ಲ. ಆ ರಾತ್ರಿಯ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಲಿಲ್ಲ.

ಮನೆಯಲ್ಲಿ ಈಗ ಅಜ್ಜಿಯ ಮಾತೇ ನಡೆಯುವುದು. ಅಜ್ಜಿ ಕಟುಕಳಲ್ಲ. ಏಳು ಹೆತ್ತು ಮೂರನ್ನು ಕಳೆದುಕೊಂಡವಳು, ತಮ್ಮನ ಹೆಂಡತಿಗೆ ತನ್ನ ಪಾಲಿನ ತುಪ್ಪವನ್ನು ಬಡಿಸುವವಳು. ಆದರೆ ಈ ಮಾತು ಎತ್ತಿದರೆ ಮುಖ ಗಟ್ಟಿಯಾಗುತ್ತದೆ. ಹಿಂದೆ ಒಂದು ವರ್ಷ ಹಟ್ಟಿಯ ಸೊಸೆಯೊಬ್ಬಳು ಮುಟ್ಟಿನಲ್ಲೇ ಕುರಿ ಕೂಡುವ ರೊಪ್ಪದ ಬಳಿ ಬಂದಳಂತೆ. ಆ ಮಳೆಗಾಲದಲ್ಲಿ ನಮ್ಮ ಮಂದೆಯ ನಲವತ್ತು ಕುರಿಗಳು ಬಾಯಿ ಊದಿ, ನಾಲಿಗೆ ನೀಲಿಗಟ್ಟಿ ಸತ್ತವು. ಅಜ್ಜಿಗೆ ಇದು ನಂಬಿಕೆಯಲ್ಲ, ಕಣ್ಣಾರೆ ಕಂಡದ್ದು. "ದೇವರು ನನ್ನನ್ನು ಶಿಕ್ಷಿಸಲಿ, ಮಂದೆಯನ್ನು ಶಿಕ್ಷಿಸಿದರೆ ನಿನ್ನ ತಮ್ಮ ಏನು ತಿನ್ನುತ್ತಾನೆ?" ಎಂದು ಕೇಳುತ್ತಾಳೆ.

ತುಮಕೂರಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಲು ಅಜ್ಜಿ ಒಪ್ಪಿದ್ದಾಳೆ. ಆಮೇಲಿನ ದಿನಗಳದ್ದೇ ಚಿಂತೆ. ನನ್ನ ಬಾಡಿಗೆ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದರೆ, ಹಟ್ಟಿಯ ಕೂಸು ಊರ ಮನೆಯಲ್ಲಿ ಬೆಳೆಯುವುದು ಅವಮಾನ ಎನ್ನುತ್ತಾರೆ. ಹುಡುಗಿಗೆ ರಕ್ತ ಬೇರೆ ಕಡಿಮೆ, ಹೋದ ವಾರ ಹಿಮೋಗ್ಲೋಬಿನ್ 8.9 ಬಂದಿದೆ.

ಇಂಥದ್ದನ್ನು ಮನೆಯೊಳಗೆ ಬದಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಒಂದು ಕೋರಿಕೆ: ನಮ್ಮ ಜನರನ್ನು ಬೈದು ಬರೆಯಬೇಡಿ. ಕ್ಯಾಮೆರಾ ಹಿಡಿದು ಬಂದವರು ಗುಡಿಸಲಿನ ಚಿತ್ರ ತೆಗೆದುಕೊಂಡು ಹೋಗಿದ್ದನ್ನು ಬಹಳ ಸಲ ನೋಡಿದ್ದೇವೆ.

ನಿವೃತ್ತ ಆರೋಗ್ಯ ಸಹಾಯಕಿ, ಮಧುಗಿರಿ

ತಂಗೀ, ಮೂವತ್ತೊಂದು ವರ್ಷ ಉಪಕೇಂದ್ರಗಳಲ್ಲಿ ಕೆಲಸ ಮಾಡಿದ್ದೇನೆ, ಅದರಲ್ಲಿ ಹನ್ನೆರಡು ವರ್ಷ ಹಟ್ಟಿಗಳಿರುವ ಕಡೆ. ಮೊದಲು ಆ 8.9ರ ಬಗ್ಗೆ ಹೇಳಿಬಿಡುತ್ತೇನೆ, ಸೂತಕಕ್ಕೆ ಇನ್ನೂ ಎರಡು ತಿಂಗಳಿದೆ, ರಕ್ತಕ್ಕೆ ಇಲ್ಲ.

ಬಸುರಿಗೆ 11 ಇರಬೇಕು. 7ರಿಂದ 10ರೊಳಗೆ ಇದ್ದರೆ ಮಧ್ಯಮ ರಕ್ತಹೀನತೆ. ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಳೋ ಇಲ್ಲವೋ ಎಂದು ಕೇಳಬೇಡಿ, "ನುಂಗುತ್ತಿದ್ದೇನೆ" ಎನ್ನುತ್ತಾಳೆ. ಎಷ್ಟು ಉಳಿದಿದೆ ಎಂದು ಪಟ್ಟಿಯನ್ನೇ ನೋಡಿ. ಟೀ ಕುಡಿದ ಹಿಂದೆಯೇ ನುಂಗಿದರೆ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಏಳು ತಿಂಗಳಾದ್ದರಿಂದ ರಕ್ತನಾಳಕ್ಕೆ ಕಬ್ಬಿಣದ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ನೀವೇ ಬಾಯಿಬಿಟ್ಟು ಕೇಳಿ. ರಕ್ತ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆದುಕೊಳ್ಳಲು ಆಗುವುದಿಲ್ಲ.

ಹೆತ್ತ ಮೇಲೆ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲೇ ಇರಿ. ಮನೆಗೆ ಬಿಡುವ ನಗು-ಮಗು ವಾಹನದವರಿಗೆ ಮನೆಯ ಬಾಗಿಲಿಗೇ ಬಿಡಲು ಹೇಳಿ, ಹುಣಸೆಮರಕ್ಕಲ್ಲ. ನಿಮ್ಮ ಬರಹದಲ್ಲಿ ಆ ಮರ ನನ್ನನ್ನು ಬಹಳ ಕಾಡಿತು. ಅಂಥ ಮರಗಳನ್ನು ನಾನೂ ಕಂಡಿದ್ದೇನೆ.

ಇನ್ನು ಚಳಿ. ಕೂಸಿಗೆ ತನ್ನ ಮೈಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಮೈಶಾಖ 36.5 ಡಿಗ್ರಿಗಿಂತ ಕೆಳಗಿಳಿದರೆ ಅದು ತಣ್ಣಗಾಗುತ್ತಿದೆ ಎಂದೇ ಅರ್ಥ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಾದರೆ ಇನ್ನೂ ಬೇಗ. ತಣ್ಣಗಾದ ಕೂಸು ಜೋರಾಗಿ ಅಳುವುದಿಲ್ಲ. ಸುಮ್ಮನಾಗುತ್ತದೆ, ಮೊಲೆ ಚೀಪುವುದಿಲ್ಲ. "ನಮ್ಮ ಕೂಸು ಬಲು ಸಾಧು" ಎಂದು ಹೊರಗಿರುವವರು ಸಂತೋಷಪಡುತ್ತಿರುತ್ತಾರೆ. ಗುಡಿಸಲಲ್ಲಿ ಬೆಂಕಿ ಹಾಕಿದರೆ ಹೊಗೆ ಎಳೆಯ ಎದೆಗೆ ಹೋಗುತ್ತದೆ, ಹಾಕದಿದ್ದರೆ ಶೀತ. ಕೂಸಿನ ಅಂಗಾಲನ್ನು ಮುಟ್ಟಿ ನೋಡುತ್ತಿರಿ. ತಣ್ಣಗಿದ್ದರೆ ತಾಯಿಯ ಎದೆಗೆ, ನಡುವೆ ಬಟ್ಟೆಯಿಲ್ಲದೆ, ಹಾಕಿ ಮೇಲೆ ಹೊದಿಸಿ. ತಲೆಗೆ ಟೋಪಿ ಇರಲಿ. ಹಾಲು ಕುಡಿಯದಿದ್ದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ತಾಯಿಗೆ ಜ್ವರ, ದುರ್ವಾಸನೆ, ವಿಪರೀತ ರಕ್ತಸ್ರಾವ, ಫಿಟ್ಸ್ ಯಾವುದಾದರೂ ಕಂಡರೆ ಯಾರನ್ನೂ ಕೇಳದೆ 108ಕ್ಕೆ ಕರೆ ಮಾಡಿ.

ಅಜ್ಜಿಯ ವಿಷಯ. ಪುಷ್ಯದ ರಾತ್ರಿ ಈದ ಕುರಿಮರಿಯನ್ನು ನಿಮ್ಮ ಅಜ್ಜಿ ಏನು ಮಾಡುತ್ತಾಳೆ? ನಾನು ಕಂಡ ಹಟ್ಟಿಗಳಲ್ಲಿ ಅದನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಪಕ್ಕ ಮಲಗಿಸುತ್ತಿದ್ದರು. ವಾದಕ್ಕೆ ಹೇಳುತ್ತಿಲ್ಲ. ಮರಿಯ ಚಳಿಯನ್ನು ಬಲ್ಲವಳಿಗೆ ಕೂಸಿನ ಚಳಿ ಗೊತ್ತಿಲ್ಲದೆ ಇರುವುದಿಲ್ಲ. ಕಳೆದುಕೊಂಡ ಆ ಮೂರರ ಬಗ್ಗೆ ಕೇಳಿ. ಯಾರೂ ಕೇಳಿರಲಿಕ್ಕಿಲ್ಲ.

ತುಮಕೂರಿನ ವಕೀಲ

ಇಷ್ಟು ಕಾಯಬೇಕಾದ ಅಗತ್ಯವೇ ಇಲ್ಲ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಹಾಗೂ ನಿರ್ಮೂಲನೆಯ 2017ರ ಕರ್ನಾಟಕ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಮುಟ್ಟಾದ ಅಥವಾ ಗರ್ಭಿಣಿ ಮಹಿಳೆಯನ್ನು ಬಲವಂತವಾಗಿ ಪ್ರತ್ಯೇಕ ಇರಿಸುವುದು, ಊರೊಳಗೆ ಬರದಂತೆ ತಡೆಯುವುದು ಅದರಡಿ ಅಪರಾಧ. 2023ರ ಜುಲೈನಲ್ಲಿ ನಮ್ಮ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೊರಗಿನ ಗುಡಿಸಲಲ್ಲಿದ್ದ ಎಳೆಗೂಸು ಸತ್ತುಹೋಯಿತು. ಇನ್ನೊಂದು ಕೂಸು ಹೋಗುವವರೆಗೆ ಸುಮ್ಮನಿರುವುದು ತಪ್ಪು. 112ಕ್ಕೆ ಕರೆ ಮಾಡಿ.

ಹಟ್ಟಿಯ ಹಿರಿಮಗಳು

ಸರ್, ಆ ಕೂಸಿನ ಸುದ್ದಿ ಓದಿದ ದಿನ ನಾನು ಶಾಲೆಗೆ ಹೋಗಲಿಲ್ಲ. ಕಾನೂನು ಇರುವುದು ನನಗೆ ಬಲ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾನು ದೂರು ಕೊಟ್ಟು ತುಮಕೂರಿಗೆ ಬಸ್ಸು ಹತ್ತುತ್ತೇನೆ. ಆಮೇಲೆ ಆ ಮನೆಯಲ್ಲಿ ಬದುಕಬೇಕಾದವಳು ಇಪ್ಪತ್ತೊಂದು ವರ್ಷದ ಹುಡುಗಿ. ಬೇರೆ ದಾರಿಗಳೆಲ್ಲ ಮುಚ್ಚಿದರೆ ಖಂಡಿತ ಕರೆ ಮಾಡುತ್ತೇನೆ.

ಚಿಕ್ಕನಾಯಕನಹಳ್ಳಿ ಕಡೆಯ ಸೊಸೆ

ಅಕ್ಕಾ, ನಾನೂ ಹಟ್ಟಿಯವಳೇ. ನಮ್ಮಲ್ಲಿ ಇದು ಒಂದೇ ದಿನದಲ್ಲಿ ಬದಲಾಗಲಿಲ್ಲ, ಸುಮಾರು ಹತ್ತು ವರ್ಷ ಹಿಡಿಯಿತು. ಮೊದಲು ಬೇಲಿಯ ಹೊರಗಿನಿಂದ ಬೇಲಿಯ ಒಳಗಿನ ಮೂಲೆಗೆ ಬಂದೆವು. ಆಮೇಲೆ ಮನೆಯ ಹಿಂದಿನ ಜಗುಲಿಗೆ. ಈಗ ಮನೆಯದೇ ಒಂದು ಕೋಣೆ, ಅದಕ್ಕೆ ಹಿತ್ತಲ ಕಡೆಯಿಂದ ಬೇರೆ ಬಾಗಿಲು. ಬಾಣಂತಿ ಆ ಬಾಗಿಲಿನಿಂದಲೇ ಒಳಗೆ ಹೋಗುತ್ತಾಳೆ, ದೇವರ ಪೆಟ್ಟಿಗೆಯಿರುವ ನಡುಮನೆಯನ್ನು ದಾಟುವುದಿಲ್ಲ. "ಹಟ್ಟಿ ಬಾಗಿಲನ್ನು ತುಳಿಯಲಿಲ್ಲ" ಎಂದು ಹಿರಿಯರು ಸಮಾಧಾನಪಟ್ಟುಕೊಂಡರು.

ದೊಡ್ಡ ತಿರುವು ಬಂದದ್ದು ದೇವರಿಂದಲೇ. ನನ್ನ ಅತ್ತೆ ಪೂಜಾರಪ್ಪನ ಹತ್ತಿರ ಹೋಗಿ, "ಅಪ್ಪಣೆ ಕೇಳಿಕೊಡಿ, ದೇವರು ಬೇಡ ಎಂದರೆ ನಾನೇ ಸೊಸೆಯ ಜೊತೆ ಹೊರಗೆ ಮಲಗುತ್ತೇನೆ" ಎಂದರು. ಹೂವು ಬಲಕ್ಕೆ ಬಿತ್ತು. ಒಬ್ಬ ಮನೆಯ ಹೆಂಗಸು ಅಪ್ಪಣೆ ತಂದ ಮೇಲೆ ಉಳಿದವರಿಗೆ ಬಾಯಿ ಬಂತು. ಗಂಡಸರು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನನ್ನ ಭಾವನೆ. ಹೊರಗೆ ಮಲಗುವ ಕಷ್ಟ ಅವರಿಗೆ ತಿಳಿದಿಲ್ಲ, ಕೇಳಬೇಕು ಎನ್ನಿಸುವುದೇ ಇಲ್ಲ.

ಆದರೂ ಒಂದು ನೋವು ಹೇಳುತ್ತೇನೆ. ನನ್ನ ಕೋಣೆ ಬೆಚ್ಚಗಿತ್ತು, ದೀಪವಿತ್ತು, ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ತಟ್ಟೆಯನ್ನು ಮಾತ್ರ ಹೊಸ್ತಿಲಿನಲ್ಲಿ ಇಟ್ಟು ಹೋಗುತ್ತಿದ್ದರು. ಹೆತ್ತು ಬಂದ ಮೈಗೆ ಯಾರಾದರೂ ಒಮ್ಮೆ ಬೆನ್ನು ಸವರಲಿ ಎನ್ನಿಸುತ್ತಿತ್ತು. ಕೋಣೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಬಾಣಂತಿಯ ಜೊತೆ ಮಲಗಲು ಒಬ್ಬರನ್ನು ಈಗಲೇ ಗೊತ್ತುಮಾಡಿ.

ಕುರಿ ಡಾಕ್ಟರ ಸಹಾಯಕ, ಪಶುಪಾಲನಾ ಇಲಾಖೆ

ಆ ನಲವತ್ತು ಕುರಿಗಳ ಬಗ್ಗೆ ಹೇಳಲೇಬೇಕು. ಬಾಯಿ ಊತ, ಜೊಲ್ಲು, ನೀಲಿಗಟ್ಟಿದ ನಾಲಿಗೆ, ಅದೂ ಮಳೆಗಾಲದಲ್ಲಿ. ನೀವು ಬರೆದ ಲಕ್ಷಣಗಳು ನೀಲಿ ನಾಲಿಗೆ ರೋಗದವು. ಇದು ಮುಟ್ಟಿದರೆ ಅಂಟುವ ಕಾಯಿಲೆಯೇ ಅಲ್ಲ. ಸಾಸಿವೆ ಕಾಳಿನಷ್ಟು ಸಣ್ಣದಾದ, ರಕ್ತ ಹೀರುವ ನೊಣವೊಂದು ರೋಗದ ಕುರಿಯನ್ನು ಕಚ್ಚಿ ಇನ್ನೊಂದಕ್ಕೆ ಹರಡುತ್ತದೆ. ಮಳೆ ಚೆನ್ನಾಗಿ ಬಂದು, ರೊಪ್ಪದಲ್ಲಿ ಕೆಸರು ನಿಂತು, ಗೊಬ್ಬರ ಕೊಳೆತರೆ ಆ ನೊಣ ಹುಲುಸಾಗಿ ಬೆಳೆಯುತ್ತದೆ. ಅದಕ್ಕೇ ಒಳ್ಳೆಯ ಮಳೆಯ ವರ್ಷವೇ ಈ ರೋಗ ಹೆಚ್ಚು. ಅಜ್ಜಿಗೆ ಒಂದೇ ಪ್ರಶ್ನೆ ಕೇಳಿ: ಆ ವರ್ಷ ಅಕ್ಕಪಕ್ಕದ ಊರುಗಳ ಕುರಿಗಳೂ ಸತ್ತವೇ? ಸತ್ತಿದ್ದರೆ ಆ ಊರುಗಳಲ್ಲಿ ಯಾವ ಸೊಸೆ ಯಾವ ರೊಪ್ಪಕ್ಕೆ ಬಂದಿದ್ದಳು?

ಲಸಿಕೆ ಇದೆ, ಮಳೆಗಾಲಕ್ಕೆ ಮೊದಲೇ ಹಾಕಿಸಬೇಕು. ನಿಮ್ಮ ತಮ್ಮನಿಗೆ ಹತ್ತಿರದ ಪಶು ಆಸ್ಪತ್ರೆಗೆ ಬಂದು ಮಂದೆಯ ಲೆಕ್ಕ ಬರೆಸಲು ಹೇಳಿ. ಸಂಜೆಯ ಹೊತ್ತು ರೊಪ್ಪದಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುವ ನಿಮ್ಮ ಹಿರಿಯರ ರೂಢಿ ಇದೆಯಲ್ಲ, ಅದನ್ನು ಬಿಡಬೇಡಿ. ನೊಣ ಕಚ್ಚುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

ಜಾನಪದ ಮೇಷ್ಟರು, ತುಮಕೂರು

ಅಮ್ಮಾ, ನಿಮ್ಮ ಜನರ ಹಾಡುಗಳನ್ನು ಕೇಳುತ್ತಾ ತಲೆ ನೆರೆದವನು ನಾನು. ಗಣೆಯೆಂಬ ನಿಮ್ಮ ಕೊಳಲಿನ ನಾದವನ್ನು ರಾತ್ರಿಯಿಡೀ ಕೂತು ಕೇಳಿದ್ದೇನೆ. ಅದರಿಂದ ಹುಟ್ಟಿದ ಒಂದು ಯೋಚನೆಯನ್ನು ಮುಂದಿಡುತ್ತೇನೆ, ಅಜ್ಜಿಗೆ ಉಪಯೋಗವಾದೀತು.

ಮಂದೆ ಹೊಡೆದುಕೊಂಡು ಅಲೆಯುತ್ತಿದ್ದ ಕಾಲದಲ್ಲಿ ಹಟ್ಟಿಯ ಒಳಗೂ ಗುಡಿಸಲೇ, ಹೊರಗೂ ಗುಡಿಸಲೇ. ಒಳಗಿದ್ದ ಗಂಡನ ತಲೆಯ ಮೇಲೆ ಏನಿತ್ತೋ ಹೊರಗಿದ್ದ ಹೆಂಡತಿಯ ತಲೆಯ ಮೇಲೂ ಅದೇ ಇತ್ತು. ದುಡಿದು ಸವೆದ ಹೆಂಗಸಿಗೆ ನೀರು ಹೊರುವುದರಿಂದ ನಾಲ್ಕು ದಿನದ ಬಿಡುವೂ ಸಿಕ್ಕಿರಬಹುದು. ಆಮೇಲೆ ಒಳಗಿನ ಮನೆಗೆ ಹೆಂಚು ಬಂತು, ಗೋಡೆ ಬಂತು, ತಾರಸಿ ಬಂತು, ವಿದ್ಯುತ್ ಬಂತು. ಹೊರಗಿನ ಗುಡಿಸಲು ಮಾತ್ರ ಗರಿಯದ್ದಾಗಿಯೇ ಉಳಿಯಿತು. ಹಾಗೆ ನೋಡಿದರೆ ಹಿರಿಯರು ಮಾಡಿದ್ದನ್ನೇ ಇಂದು ಮಾಡುತ್ತಿದ್ದೇವೆ ಎನ್ನುವುದೂ ಸರಿಯಲ್ಲ.

ಇದು ನಿಮ್ಮ ಹಟ್ಟಿಯದೊಂದೇ ಕಥೆಯಲ್ಲ. ಮಹಾರಾಷ್ಟ್ರದ ಗಡ್ಚಿರೋಲಿಯ ಮಾಡಿಯಾ ಗೊಂಡ ಹೆಂಗಸರಿಗೆ ಮುಟ್ಟಿನ ದಿನ ಕಳೆಯಲು ಕುರ್ಮಾ ಘರ್ ಎಂಬ ಗುಡಿಸಲಿದೆ. ಪಶ್ಚಿಮ ನೇಪಾಳದಲ್ಲಿ ಮುಟ್ಟಾದವರನ್ನು ಹೊರಗಿಡುವ ಛೌಪದಿ ಪದ್ಧತಿಯಲ್ಲಿ ಹಾವು ಕಚ್ಚಿ, ಹೊಗೆಗೆ ಉಸಿರುಕಟ್ಟಿ ಹೆಣ್ಣುಮಕ್ಕಳು ಸತ್ತರು. 2017ರಲ್ಲಿ ಅಲ್ಲಿ ಅದನ್ನು ಅಪರಾಧವೆಂದು ಕಾನೂನು ಮಾಡಿದರು, ಗುಡಿಸಲುಗಳನ್ನು ಕೆಡವಿದರು. ಪದ್ಧತಿ ಪೂರ್ತಿ ನಿಲ್ಲಲಿಲ್ಲ. ನಮ್ಮಲ್ಲಿ ಸರ್ಕಾರ ಹಟ್ಟಿಗಳ ಬಳಿ ಹೊರಗಿರುವ ಹೆಂಗಸರು ಉಳಿಯಲು ಕೃಷ್ಣ ಕುಟೀರವೆಂಬ ಕಟ್ಟಡಗಳನ್ನು ಕಟ್ಟಿಸಿತು. ಮಳೆಯಿಂದ ರಕ್ಷಣೆ ಸಿಕ್ಕಿತು ನಿಜ, ಆದರೆ ಹೊರಗಿರಬೇಕೆಂಬ ಮಾತಿಗೆ ಸರ್ಕಾರವೇ ಸಿಮೆಂಟು ಹಾಕಿದಂತಾಯಿತು ಎಂಬುದು ನನ್ನ ಅಭಿಪ್ರಾಯ. ಗೋಡೆಯೊಳಗಿನ ಬಾಗಿಲೇ ಮೇಲು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ನಿಮ್ಮ ಅಜ್ಜಿಗೆ ಗೊತ್ತಿರಬಹುದು. ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರನ್ನು ನಾಡೋಜ ಎಂದು ಕರೆಯಿತು. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯಲ್ಲಿ ನಾನೂ ದನಿಗೂಡಿಸಿದ್ದೇನೆ. ಆ ಬುಡಕಟ್ಟಿನ ಗುರುತನ್ನು ಬೇಲಿಯ ಹೊರಗಿನ ಗುಡಿಸಲು ಉಳಿಸುತ್ತಿಲ್ಲ. ಅಜ್ಜಿಯಂಥವರ ಬಾಯಲ್ಲಿರುವ ಪದಗಳು ಉಳಿಸುತ್ತಿವೆ. ಅವರು ಹಾಡುತ್ತಾರೆಯೇ? ಹಾಡುವುದಾದರೆ ದಯವಿಟ್ಟು ಬರೆದುಕೊಳ್ಳಿ.

ಪಾವಗಡದ ಆಶಾ

ಅಕ್ಕಾ, ನಿಮ್ಮ ಹಟ್ಟಿಯ ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿಡಿ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ನಾವು 3, 7, 14, 21, 28 ಮತ್ತು 42ನೆಯ ದಿನ ಹೋಗಲೇಬೇಕು. ಕೂಸನ್ನು ತೂಗುತ್ತೇವೆ, ಮೈಬಿಸಿ ನೋಡುತ್ತೇವೆ. ಕೂಸನ್ನು ನಾನು ಎತ್ತಿಕೊಂಡ ಮೇಲೆ ಮನೆಯವರ ಕೈಗೂ ಧೈರ್ಯ ಬರುವುದನ್ನು ಕಂಡಿದ್ದೇನೆ.

ನಮ್ಮ ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಕಥೆಯನ್ನು ಅಜ್ಜಿಗೆ ಹೇಳಿ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಸಾವಿರ ಬಾಣಂತಿಯರನ್ನು ಮುಟ್ಟಿದ ಆ ಕೈಗೆ ಯಾವ ದೋಷವೂ ತಟ್ಟಲಿಲ್ಲ.

ಹಟ್ಟಿಯ ಹಿರಿಮಗಳು, ಐದು ವಾರಗಳ ನಂತರ

ಎಲ್ಲರಿಗೂ ಉತ್ತರಿಸಲು ತಡವಾಯಿತು, ಕ್ಷಮಿಸಿ. ಹುಡುಗಿಗೆ ಕಬ್ಬಿಣದ ಚುಚ್ಚುಮದ್ದು ಕೊಟ್ಟರು. ನಿನ್ನೆಯ ಪರೀಕ್ಷೆಯಲ್ಲಿ 10.2 ಬಂದಿದೆ. ಮಾತ್ರೆಯ ಪಟ್ಟಿ ನೋಡಿದಾಗ ಹೆಚ್ಚುಕಡಿಮೆ ಪೂರ್ತಿ ಹಾಗೆಯೇ ಇತ್ತು. ನೀವು ಹೇಳಿದ್ದು ನಿಜವಾಯಿತು, ಅಕ್ಕಾ.

ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಆ ಮೂರು ಕೂಸುಗಳ ಬಗ್ಗೆ ಕೇಳಿದೆ. ಬಹಳ ಹೊತ್ತು ಸುಲಿಯುತ್ತಲೇ ಇದ್ದಳು. ಆಮೇಲೆ, "ಒಂದು ಹಟ್ಟಿಯೊಳಗೆ ಬಂದು ಹೋಯಿತು. ಎರಡು ಒಳಗೆ ಬರಲೇ ಇಲ್ಲ" ಎಂದಳು. ಎರಡಕ್ಕೂ ಹೆಸರಿಟ್ಟಿರಲಿಲ್ಲವಂತೆ. ಒಂದು ಮಾಘದಲ್ಲಿ, ಒಂದು ಪುಷ್ಯದಲ್ಲಿ. ತಿಂಗಳುಗಳನ್ನು ನಾನು ಕೇಳಿರಲಿಲ್ಲ, ಅವಳೇ ಹೇಳಿದಳು. ಕುರಿಮರಿಯ ಮಾತನ್ನು ಎತ್ತುವ ಅಗತ್ಯವೇ ಬೀಳಲಿಲ್ಲ, ಎತ್ತಲು ನನಗೆ ಬಾಯಿಯೂ ಬರಲಿಲ್ಲ.

ಕುರಿಗಳು ಸತ್ತ ವರ್ಷ ಪಕ್ಕದ ಎರಡು ಊರುಗಳಲ್ಲೂ ಸತ್ತಿದ್ದವು ಎಂದು ತಮ್ಮನೇ ನೆನಪಿಸಿದ. ಅಜ್ಜಿ ಅದಕ್ಕೆ ಏನೂ ಹೇಳಲಿಲ್ಲ. ಆದರೆ ಮುಂದಿನ ಸೋಮವಾರ ತಾನೇ ಪೂಜಾರಪ್ಪನ ಮನೆಗೆ ನಡೆದುಕೊಂಡು ಹೋದಳು. ಹೂವು ಮೊದಲ ಸಲ ಬೀಳಲಿಲ್ಲ. ಅಜ್ಜಿ ಅಲ್ಲಿಂದ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಲಕ್ಕೆ ಬಿತ್ತು.

ಎಲ್ಲವೂ ಆಗಿಲ್ಲ. ಮುಟ್ಟಿನ ಮೂರು ದಿನದ ಮಾತನ್ನು ಎತ್ತಿದಾಗ ಅಜ್ಜಿ ಎದ್ದು ಹೋದಳು. ನನ್ನ ಮಗಳು ಎರಡು ವರ್ಷದಿಂದ ಹಟ್ಟಿಗೆ ಬರುತ್ತಿಲ್ಲ, ಈ ಸಲದ ಹಬ್ಬಕ್ಕೂ ಬರಲಾರಳು. ಹಟ್ಟಿಯ ಇಬ್ಬರು ಹಿರಿಯರು ತಮ್ಮನ ಜೊತೆ ಮಾತು ಬಿಟ್ಟಿದ್ದಾರೆ.

ಬಾಣಂತಿ ಹಿಂದಿನ ಕೋಣೆಯಲ್ಲಿ ಇರುತ್ತಾಳೆ, ಜೊತೆಗೆ ಮಲಗುವವಳು ಅಜ್ಜಿಯೇ. ಹಿತ್ತಲ ಗೋಡೆ ಒಡೆದು ಬಾಗಿಲು ಇಡಲು ಬುಧವಾರ ಗಾರೆ ಕೆಲಸದವರು ಬರುತ್ತಾರೆ. ಹಳೆಯ ಮನೆಯ ಬೇವಿನ ಕದವನ್ನೇ ಹಾಕಬೇಕೆಂದು ಅಜ್ಜಿ ಹೇಳಿದ್ದಾಳೆ. ಅದರ ಕೆಳಗೆ ಎರಡು ಬೆರಳಿನಷ್ಟು ಸಂದಿಯಿದೆ. ಗಾಳಿ ನುಗ್ಗದಂತೆ ಅಲ್ಲಿಗೆ ಹೊಡೆಯಲು ತನ್ನ ಕಂಬಳಿಯ ಒಂದು ಅಂಚನ್ನು ಕತ್ತರಿಸಿ ಇಟ್ಟಿದ್ದಾಳೆ.